ಬೆಳ್ಳುಳ್ಳಿ ಕಪ್ಪಾಗಲಿಲ್ಲ

ಎರಡು ಗಾಜಿನ ಲೋಟ, ಎರಡರಲ್ಲೂ ಕುದಿಯುವ ಅಣಬೆ, ಒಂದೊಂದು ಎಸಳು ಬೆಳ್ಳುಳ್ಳಿ. ವಿಷ ಇದ್ದದ್ದು ಒಂದರಲ್ಲಿ ಮಾತ್ರ. ಬೆಳ್ಳುಳ್ಳಿ ಎರಡರಲ್ಲೂ ಬೆಳ್ಳಗೇ ಉಳಿಯಿತು.

ಕೇರಳದ ತ್ರಿಶೂರಿಗೆ ಬಂದು ವರ್ಷವಾಗುತ್ತಾ ಬಂತು. ಮೂವತ್ತು ದಾಟಿದ ಮೇಲೆ ಡಿಗ್ರಿ ಮುಗಿಸಿದ ನನಗೆ ಮಳವಳ್ಳಿಯಲ್ಲಿ ಕೆಲಸ ಸಿಗಲಿಲ್ಲ. ಇಲ್ಲಿ ಅಣಬೆಗಳನ್ನು ಪರೀಕ್ಷಿಸುವ ಲ್ಯಾಬಿನಲ್ಲಿ ಸಹಾಯಕನಾದೆ. ಅಣಬೆಗೆ ಇಲ್ಲಿಯವರು ಕೂಣ್ ಅನ್ನುತ್ತಾರೆ. ಊಟಕ್ಕೆ ಕೆಂಪಕ್ಕಿಯ ದಪ್ಪ ಅನ್ನ. ಮುದ್ದೆ ನುಂಗಿ ಬೆಳೆದವನಿಗೆ ಅನ್ನವನ್ನು ಇಷ್ಟು ಹೊತ್ತು ಅಗಿಯಬೇಕೆಂದು ಗೊತ್ತೇ ಇರಲಿಲ್ಲ. ಮನೆಯೊಡತಿಯನ್ನು ಚೇಚಿ, ಅಂದರೆ ಅಕ್ಕ, ಎಂದು ಕರೆದು ಅವರ ಮಾತಲ್ಲೇ ಬಿಸಿನೀರು ಕೇಳಿದ ದಿನ ಊರು ಗೆದ್ದಷ್ಟು ಖುಷಿಯಾಗಿತ್ತು.

ನಮ್ಮ ಕಡೆ ಅಣಬೆಯನ್ನು ನೋಡಿ, ಮೂಸಿ ಹೇಳುತ್ತಾರೆ. ಅನುಮಾನ ಬಂದರೆ ಸಾರಿಗೆ ಬೆಳ್ಳುಳ್ಳಿ ಹಾಕುತ್ತಾರೆ. ಕಪ್ಪಾದರೆ ವಿಷ, ಬೆಳ್ಳಗಿದ್ದರೆ ಉಣ್ಣಬಹುದು. ಇಲ್ಲಿ ಲ್ಯಾಬಿನಲ್ಲಿ ಕಣ್ಣನ್ನು ಯಾರೂ ಪೂರಾ ನಂಬುವುದಿಲ್ಲ. ಅಣಬೆಯ ರಸದಲ್ಲಿರುವ ರಾಸಾಯನಿಕಗಳನ್ನು ಬಣ್ಣದ ಪಟ್ಟೆಗಳಾಗಿ ಬಿಡಿಸಿ ನೋಡುತ್ತಾರೆ. ಆಮೇಲೆ ಡಿಎನ್‌ಎ ಓದಿ ಯಾವುದು ಯಾವುದಕ್ಕೆ ನೆಂಟ ಎಂದು ಗೊತ್ತುಮಾಡುತ್ತಾರೆ. ಅವಳಿಜವಳಿಯಂತೆ ಕಾಣುವವು ಎಷ್ಟೋ ಸಲ ದೂರದ ನೆಂಟರೂ ಆಗಿರುವುದಿಲ್ಲ.

ನಮ್ಮ ಕಬ್ಬಿನ ಗದ್ದೆಯ ಬದುವಿನಿಂದ ಒಂದಷ್ಟು ಅಣಬೆ ಕಿತ್ತು, ಒಣಗಿಸಿ ತಂದಿದ್ದೆ. ಚಿಕ್ಕಂದಿನಿಂದ ತಿಂದದ್ದು, ಎಲ್ಲ ಒಂದೇ ಜಾತಿ ಎಂದು ಲ್ಯಾಬಿನ ಮುಖ್ಯಸ್ಥೆಯಾದ ಮೇಡಂ ಹತ್ತಿರ ಜಂಬದಿಂದ ಹೇಳಿದ್ದೆ. ಪರೀಕ್ಷೆಯಲ್ಲಿ ಅವು ಎರಡು ಜಾತಿ ಎಂದು ಬಂತು. ಒಂದು, ವಾಂತಿಭೇದಿ ತರುವ ಅಣಬೆಗಳ ಗುಂಪಿನದು. ನಾನು ನಂಬದೆ ಬೆಳ್ಳುಳ್ಳಿಯ ಮಾತು ತೆಗೆದೆ. ಮೇಡಂ ನಗಲಿಲ್ಲ. ಎರಡನ್ನೂ ಬೇರೆ ಬೇರೆ ಲೋಟದಲ್ಲಿ ಬೆಳ್ಳುಳ್ಳಿ ಹಾಕಿ ಕುದಿಸಿ ತೋರಿಸಿದರು.

ತಂಗಿ ಸವಿತಾ ನೆನಪಾದಳು. ಚಿಕ್ಕವಳಿದ್ದಾಗ ಅಣಬೆ ಸಾರು ಉಂಡು ವಾಂತಿ ಮಾಡಿಕೊಂಡರೆ, ದೃಷ್ಟಿಯಾಗಿದೆ ಎಂದು ಅವ್ವ ಮೆಣಸಿನಕಾಯಿ ನಿವಾಳಿಸುತ್ತಿದ್ದಳು. ಈಗ ಸವಿತಾ ಹೆರಿಗೆಗೆಂದು ತವರಿಗೆ ಬಂದಿದ್ದಳು. ಊರಲ್ಲಿ ಮಳೆ ಬಿದ್ದಿತ್ತು. ಫೋನು ಮಾಡಿ, ಮನೆಗೆ ಅಣಬೆ ಬಂದಿದೆಯಾ ಎಂದು ಕೇಳಿದೆ.

“ಒಲೆ ಮೇಲದೆ ಕಣ್ಲಾ,” ಅಂದಳು ಅವ್ವ. “ಬಸುರಿ ಬಾಯಿ, ಅಣಬೆ ಸಾರೇ ಬೇಕಂತೆ.”

“ಸುರಿದ್ಬುಡವ್ವ. ಅದ್ರಲ್ಲಿ ಇಸದ್ದೂ ಸೇರ್ಕಂಡದೆ.”

“ಬೆಳ್ಳುಳ್ಳಿ ಬೆಳ್ಳಗದೆ ಕಣ್ಲಾ!”

“ಇಲ್ಲೂ ಬೆಳ್ಳಗೇ ಅದೆ ಕಣವ್ವ. ಇಸದ್ರಲ್ಲೂ ಬೆಳ್ಳಗೇ ಅದೆ.”

ಆ ಕಡೆ ತಪ್ಪಲೆ ಬಗ್ಗಿಸಿದ ಸದ್ದು, ಸವಿತಾಳ ಕೂಗು: “ಅವ್ವೋ, ನನ್ ಸಾರು!”

“ನಿಮ್ಮಣ್ಣ ಮಲೆಯಾಳದೋನಾಗ್ಬುಟ್ಟ, ಬುಡು,” ಅಂದಳು ಅವ್ವ.

ಮಗು ನೋಡಲು ಊರಿಗೆ ಹೋದಾಗ ಅವ್ವ ಸೆರಗಿನ ತುಂಬ ಅಣಬೆ ತಂದು ನನ್ನ ಮುಂದೆ ಸುರಿದಳು. “ತಕ. ತಿನ್ನೋದ್ಯಾವ್ದು, ಎಸೆಯೋದ್ಯಾವ್ದು? ಯೋಳು.”

ಎಲ್ಲ ಇನ್ನೂ ಎಳೆಯವು, ಒಂದರಂತೆಯೇ ಇನ್ನೊಂದು. ತಿರುಗಿಸಿ ನೋಡಿದೆ, ಮೂಸಿದೆ. “ನೋಡಿದ್ರೆ ಗೊತ್ತಾಗಲ್ಲ ಕಣವ್ವ. ಅಲ್ಲಿಗೇ ತಕ್ಕೊಂಡೋಗ್ಬೇಕು.”

“ಅಷ್ಟೊತ್ಗೆ ನನ್ ಮಗೀಗೆ ಅಲ್ಲು ಬಂದಿರ್ತವೆ,” ಅಂದಳು ಸವಿತಾ.

ನಾನು ನಾಲ್ಕೈದನ್ನು ಕಾಗದದಲ್ಲಿ ಸುತ್ತಿಟ್ಟುಕೊಂಡೆ. ಉಳಿದದ್ದನ್ನು ಅವ್ವ ತಿಪ್ಪೆಗೆ ಹಾಕಿ ಮೊಟ್ಟೆ ಸಾರು ಮಾಡಿದಳು. ಮರುದಿನ ತ್ರಿಶೂರಿಗೆ ವಾಪಸು ಹೊರಟು ಮೈಸೂರು ಬಸ್ಸಿನಲ್ಲಿ ಕೂತಾಗ ತೊಡೆಯ ಮೇಲಿನ ಬ್ಯಾಗಿನಿಂದ ಅಣಬೆಯ ವಾಸನೆ ಬರುತ್ತಿತ್ತು. ಬಾಯಲ್ಲಿ ನೀರೂರಿತು. ಇದರಲ್ಲಿ ವಿಷದ್ದು ಯಾವುದೋ ಎಂದುಕೊಂಡು ಬ್ಯಾಗಿನ ಬಾಯಿ ಬಿಗಿದೆ.