ಬಟ್ಟೆ ತಂತಿಯ ಮೇಲೆ ಕೂತ ಮಿಂಚುಳ್ಳಿ

ಅಂದು ಬೆಳಗ್ಗೆ ಎಂದಿನಂತೆ ಡೈರಿಗೆ ಹಾಲು ಹಾಕಿ ಬಂದು, ಯಜಮಾನರನ್ನು ಪಿಲ್ಲಗುಂಪೆಯ ಫ್ಯಾಕ್ಟರಿಗೆ ಕಳಿಸಿ, ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದೆ. ಇಂಥ ಕಥೆಗಳನ್ನು ಯಾರಾದರೂ ಹೇಳಿದರೆ ನಾನು ಸೆರಗಿನ ಮರೆಯಲ್ಲಿ ನಗುತ್ತಿದ್ದವಳು. ಆದ್ದರಿಂದ ನೀವು ನಕ್ಕರೆ ನನಗೇನೂ ಬೇಸರವಿಲ್ಲ.

ಜಡಿಗೇನಹಳ್ಳಿ ಹತ್ತಿರದ ನಮ್ಮೂರ ಕೆರೆಯಲ್ಲಿ ಆ ಬೇಸಿಗೆ ಒಂದು ಜೋಡಿ ಸಣ್ಣ ಮಿಂಚುಳ್ಳಿಗಳಿದ್ದವು. ನೀಲಿ ಬೆನ್ನು, ಕಿತ್ತಳೆ ಹೊಟ್ಟೆ, ಗುಬ್ಬಿಗಿಂತ ತುಸು ದೊಡ್ಡವು. ಹಕ್ಕಿ ಕಂಡರೆ ಮೊದಲು ಕೊಕ್ಕು ನೋಡಿ ಎಂದು ಕಾನ್ವೆಂಟಿನಲ್ಲಿ ಸಿಸ್ಟರ್ ಒಬ್ಬರು ಹೇಳಿಕೊಟ್ಟಿದ್ದರು. ಗಂಡಿನ ಕೊಕ್ಕು ಪೂರ್ತಿ ಕಪ್ಪು, ಹೆಣ್ಣಿನ ಕೆಳಗಿನ ಕೊಕ್ಕು ಕೆಂಪು. ಕೆರೆದಂಡೆಯ ಮಣ್ಣಿನ ಗೋಡೆಯಲ್ಲಿ ಅವು ಬಿಲ ತೋಡಿದ್ದನ್ನೂ, ಮೀನು ಕಚ್ಚಿಕೊಂಡು ಒಳಗೆ ಹೋಗುತ್ತಿದ್ದುದನ್ನೂ ನೋಡಿದ್ದೆ. ಆ ವಾರವಿಡೀ ಮಾತ್ರ ನೆಂಟರಿದ್ದರು, ಕೆರೆಯ ಕಡೆ ಹೋಗಲಾಗಿರಲಿಲ್ಲ.

ಒದ್ದೆ ಲುಂಗಿ ಕೊಡವಿ ತಲೆ ಎತ್ತಿದರೆ, ತಂತಿಯ ಮೇಲೆ ಕೈಗೆಟುಕುವಷ್ಟು ಹತ್ತಿರದಲ್ಲಿ ಹೆಣ್ಣು ಮಿಂಚುಳ್ಳಿ. ನೀರಿಲ್ಲದ ನಮ್ಮ ಹಿತ್ತಲಿಗೆ ಅದು ಹಿಂದೆಂದೂ ಬಂದದ್ದೇ ಇರಲಿಲ್ಲ. ಕೆಳಗಿನ ಕೊಕ್ಕು ಕೆಂಪಗಿತ್ತು. ಕಾಲಿಗೆ ಹಸಿರು ನೈಲಾನ್ ದಾರದ ತುಂಡು ಸುತ್ತಿಕೊಂಡಿತ್ತು. ನನ್ನನ್ನೇ ನೋಡುತ್ತಿತ್ತು. ಆಮೇಲೆ ಸದ್ದಿಲ್ಲದೆ ಕೆರೆಯ ಕಡೆಗೆ ಹಾರಿತು. ಏಕೋ ಏನೋ, ಒಲೆ ಆರಿಸಿ ಹಿಂದೆಯೇ ಹೊರಟೆ.

ಕೆರೆಯ ಗೋಡುಮಣ್ಣು ತೋಡಿ ಹೊಲಗಳಿಗೆ ಹೊಡೆಯಲು ದಂಡೆಗೆ ಜೆಸಿಬಿ ಬಂದಿತ್ತು. ಅದರ ಬಕೆಟ್ ಸರಿಯಾಗಿ ಆ ಬಿಲದ ಮೇಲೇ ಎತ್ತಿ ನಿಂತಿತ್ತು. ಎರಡೂ ಕೈ ಎತ್ತಿ ಅಡ್ಡ ನಿಂತೆ.

"ಏನಕ್ಕಾ, ಸಾಯ್ಬೇಕು ಅಂತಿದ್ದೀರಾ?" ಎಂದ ಡ್ರೈವರ್.

"ಆ ಬಿಲದಲ್ಲಿ ಮರಿಗಳಿದಾವೆ ಕಣಪ್ಪಾ."

"ಇಲಿ ಇರ್ಬೇಕು ಬಿಡಿ. ಹಕ್ಕಿಗೇನಾದ್ರೂ ಈ ಜಾಗದ ಖಾತೆ ಮಾಡ್ಸ್ಕೊಟ್ಟಿದ್ದೀರಾ?"

"ಒಂದ್ನಿಮ್ಷ ಇಂಜಿನ್ ಆಫ್ ಮಾಡಿ ಕೇಳು."

ಆಫ್ ಮಾಡಿದ. ಬಿಲದೊಳಗಿಂದ ಗಿರ್ರೆಂದು, ದೂರದಲ್ಲಿ ಹೊಲಿಗೆ ಯಂತ್ರ ಓಡಿದ ಹಾಗೆ, ಮರಿಗಳ ಸದ್ದು ಕೇಳಿತು. ಅವನು ತಲೆ ಕೆರೆದುಕೊಂಡು, "ಸರಿ, ಆ ಕಡೆ ತೋಡ್ಕೊಂತೀನಿ. ನಮ್ಮನೇಲೂ ಒಂದು ಹಿಂಗೇ ರಾಗ ಎಳೀತದೆ," ಎಂದು ಗಾಡಿ ತಿರುಗಿಸಿದ. ಸ್ವಲ್ಪ ಹೊತ್ತಿಗೆ ಕಪ್ಪು ಕೊಕ್ಕಿನ ಗಂಡು ಮೀನು ತಂದು ಒಳಗೆ ಹೋಯಿತು. ಹೆಣ್ಣಿಗಾಗಿ ಬಿಸಿಲೇರುವವರೆಗೆ ಕಾದೆ. ಬರಲಿಲ್ಲ.

ಅಂದು ಸಂಜೆಯ ಮಾತಿಗೆ ಅರ್ಥ ಹುಡುಕಿ ಹುಡುಕಿ ಸೋತಿದ್ದೇನೆ. ತಂತಿಯ ಮೇಲೆ ಕೂತಿದ್ದು ಬೇರೆ ಹಕ್ಕಿ ಇರಬಹುದು ಎಂದು ನನಗೆ ನಾನೇ ಎಷ್ಟು ಸಲ ಹೇಳಿಕೊಂಡರೂ ಮನಸ್ಸು ಒಪ್ಪುವುದಿಲ್ಲ. ಪಕ್ಕದ ಮನೆಯ ಶಮ್ಷಾದಕ್ಕ ಕರಿಬೇವಿಗೆ ಬಂದಿದ್ದಳು. ಅವಳ ಗಂಡ ಕೆರೆಯಲ್ಲಿ ಮೀನು ಹಿಡಿಯುತ್ತಾರೆ. ಬೆಳಗಿನ ಸಂಗತಿ ಹೇಳಲು ಶುರುಮಾಡಿ, ಕೆಂಪು ಕೊಕ್ಕಿನವರೆಗೆ ಬಂದಿದ್ದೆ ಅಷ್ಟೇ.

"ಆ ಲಿಪ್‌ಸ್ಟಿಕ್ ಹಾಕ್ಕೊಂಡಂಗೆ ಇರೋದಾ?" ಎಂದಳು, ಎಲೆ ಕೀಳುತ್ತಲೇ. "ಅದು ಮೊನ್ನೇನೇ ನಮ್ಮವ್ರ ಬಲೇಗೆ ಸಿಕ್ಕಿ ಸತ್ತೋಯ್ತಲ್ಲಮ್ಮ, ಪಾಪ. ಕಾಲಿಂದ ಹಸಿರು ದಾರ ಬಿಡ್ಸೋಕೇ ಆಗ್ಲಿಲ್ಲ, ಹಂಗೇ ಮಣ್ಣು ಮಾಡ್ದೆ. ಇನ್ನೆರಡು ಕಡ್ಡಿ ಕಿತ್ಕೊಳ್ಲಾ?"