ಪುಟ್ಟಸ್ವಾಮಿ ಪೊರೆ ಬಿಟ್ಟದ್ದು

ಇಪ್ಪತ್ತೆರಡು ವರ್ಷದಿಂದ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಹೇಳಿಕೊಡುತ್ತಿದ್ದೇನೆ. ಸರೀಸೃಪಗಳ ಪಾಠ ನನಗೆ ಬಾಯಿಪಾಠ. ಬಾಲದ ತುದಿಯಿಂದ ಶುರುಮಾಡಿ, ಸೀಮೆಸುಣ್ಣ ಎತ್ತದೆ ಒಂದೇ ಗೆರೆಯಲ್ಲಿ ಹಲ್ಲಿಯ ಚಿತ್ರ ಬರೆಯಬಲ್ಲೆ. ಆದರೆ ಒಂದು ಸಂಗತಿಯನ್ನು ಇಷ್ಟು ವರ್ಷವೂ ಮಕ್ಕಳಿಂದ ಮುಚ್ಚಿಟ್ಟಿದ್ದೇನೆ, ನಿಮ್ಮಲ್ಲಿ ಹೇಳಿಕೊಳ್ಳುತ್ತೇನೆ. ನಾನು ಹಲ್ಲಿಯನ್ನು ಮುಟ್ಟಿದವನೇ ಅಲ್ಲ. ಸ್ವಿಚ್ಚಿನ ಪಕ್ಕದಲ್ಲಿ ಹಲ್ಲಿ ಕೂತಿದ್ದರೆ ಲೈಟು ಹಾಕಲು ಹೆಂಡತಿಯನ್ನು ಕೂಗುವ ಪೈಕಿ.

ಇಂಥವನ ಮನೆಗೆ ಪುಟ್ಟಸ್ವಾಮಿ ಬಂದ. ಪುಟ್ಟಸ್ವಾಮಿ ಎಂದರೆ ನೆಂಟನಲ್ಲ. ಗೇಣುದ್ದದ, ಹಳದಿ ಮೈಮೇಲೆ ಕಪ್ಪು ಚುಕ್ಕೆಗಳಿರುವ, ಗಾಜಿನ ಪೆಟ್ಟಿಗೆಯಲ್ಲಿ ಸಾಕುವ ಜಾತಿಯ ಹಲ್ಲಿ. ಹಾಸನದಲ್ಲಿ ನರ್ಸಿಂಗ್ ಓದುತ್ತಿರುವ ನನ್ನ ಮಗಳು ಸಿಂಧುವಿಗೆ ಗೆಳತಿಯೊಬ್ಬಳು ಕೊಟ್ಟದ್ದು. ಹಾಸ್ಟೆಲಿನಲ್ಲಿ ಒಪ್ಪದ ಕಾರಣ ಪೆಟ್ಟಿಗೆ ಸಮೇತ ಬಸ್ಸು ಹತ್ತಿ ಹೊಳೆನರಸೀಪುರದ ನಮ್ಮ ಮನೆಗೆ ಬಂತು. ನಮ್ಮ ಗೋಡೆಯ ಹಲ್ಲಿಗಳಿಗಿಲ್ಲದ ರೆಪ್ಪೆ ಇದಕ್ಕಿದೆ. ಉತ್ತರ ಗೊತ್ತಿಲ್ಲದ ಮೇಷ್ಟರನ್ನು ಹಿಂದಿನ ಬೆಂಚಿನವರು ನೋಡುವ ಹಾಗೆ ನನ್ನನ್ನು ನೋಡಿ ನಿಧಾನವಾಗಿ ರೆಪ್ಪೆ ಬಡಿಯುತ್ತದೆ.

ಮಗಳು ನನಗೆ ವಹಿಸಿದ್ದು ಎರಡೇ ಕೆಲಸ. ದಿನ ಬಿಟ್ಟು ದಿನ ಹುಳು ಹಾಕುವುದು, ಪೊರೆ ಸಲೀಸಾಗಿ ಬಿಡಲೆಂದು ಪೆಟ್ಟಿಗೆಯ ಮೂಲೆಯಲ್ಲಿರುವ ಡಬ್ಬಿಯ ತೆಂಗಿನ ನಾರನ್ನು ದಿನಾ ಒದ್ದೆ ಮಾಡುವುದು. ಹುಳುವನ್ನು ಉದ್ದನೆಯ ಚಿಮುಟದಲ್ಲಿ ಹಿಡಿದು ದೂರದಿಂದಲೇ ಕೊಡಬಹುದು, ಕೊಟ್ಟೆ. ನಾರು ಒದ್ದೆ ಮಾಡಲು ಕೈ ಒಳಗೆ ಹಾಕಬೇಕು. ಹಾಕಲಿಲ್ಲ. ನಾಳೆ ಮಾಡಿದರಾಯಿತು ಎಂದು ಹದಿನೈದು ದಿನ ತಳ್ಳಿದೆ. ಮಗಳು ಫೋನಿನಲ್ಲಿ ಕೇಳಿದಾಗಲೆಲ್ಲ "ಒದ್ದೆ ಇದೆ" ಎಂದೆ. ಹೊರಗೆ ನೋಡಿದರೆ ಮಾರ್ಚ್ ತಿಂಗಳ ಸುಡುಬಿಸಿಲು.

ಒಂದು ಬೆಳಗ್ಗೆ ಪುಟ್ಟಸ್ವಾಮಿ ಸುಣ್ಣ ಬಳಿದವನಂತೆ ಬಿಳಿಚಿಕೊಂಡ. ಸಂಜೆಗೆ ಮೈಮೇಲಿನ ಪೊರೆಯನ್ನು ತಾನೇ ಎಳೆದೆಳೆದು ತಿಂದೂ ಬಿಟ್ಟ. ಆದರೆ ಎಡ ಹಿಂಗಾಲಿನ ಐದು ಬೆರಳುಗಳಲ್ಲಿ ಪೊರೆ ಒಣಗಿ ಕಚ್ಚಿಕೊಂಡಿತು. ಗಾಜಿನಾಚೆಯಿಂದ ಫೋಟೊ ತೆಗೆದು ಮಗಳಿಗೆ ಕಳಿಸಿದೆ. ಮರುಕ್ಷಣವೇ ಫೋನು.

"ಅಪ್ಪಾ, ಅದು ದಾರ ಕಟ್ದಂಗೆ ಬಿಗಿಯುತ್ತೆ. ರಕ್ತ ಓಡಲ್ಲ, ಬೆರಳು ಉದುರೋಗುತ್ತೆ. ನಂಗೆ ನಾಳೆ ಪ್ರಾಕ್ಟಿಕಲ್ ಎಕ್ಸಾಮು, ಬರಕ್ಕಾಗಲ್ಲ. ನೀನೇ ತೆಗೀಬೇಕು. ನಾರು ಒದ್ದೆ ಇತ್ತು ತಾನೆ?"

ನಾನು ಊಟ ಆಯಿತೇ ಎಂದು ಕೇಳಿದೆ.

ಪೊರೆಯ ವಿಷಯ ನನಗೆ ಗೊತ್ತಿಲ್ಲವೆಂದಲ್ಲ. ಹಾವಿನದು ಕಾಲುಚೀಲದ ಹಾಗೆ ಒಟ್ಟಿಗೆ ಬರುತ್ತದೆ, ಹಲ್ಲಿಯದು ಚೂರುಚೂರಾಗಿ. ಮನುಷ್ಯರೂ ದಿನಾ ಚರ್ಮ ಕಳಚುತ್ತಾರೆ, ಅದನ್ನು ಧೂಳು ಎಂದು ಕರೆದು ಗುಡಿಸಿ ಹಾಕುತ್ತಾರೆ. "ಸರೀಸೃಪಗಳು ಕಾಲಕಾಲಕ್ಕೆ ಪೊರೆ ಬಿಡುತ್ತವೆ" ಎಂದು ನೋಟ್ಸಿನಲ್ಲಿ ಬರೆಸುತ್ತೇನೆ, ಒಂದು ಅಂಕದ ಪ್ರಶ್ನೆ. ಬಿಡದಿದ್ದರೆ ಏನು ಮಾಡಬೇಕೆಂದು ಯಾವ ವಿದ್ಯಾರ್ಥಿಯೂ ಕೇಳಿರಲಿಲ್ಲ. ಕೇಳಿದ್ದರೆ "ಕೂತ್ಕೊ" ಎನ್ನುತ್ತಿದ್ದೆ.

ಮರುದಿನ ಪುಟ್ಟಸ್ವಾಮಿಗೆ ಹುಷಾರಿಲ್ಲವೆಂದು ರಜೆ ಕೇಳಿದೆ. ಹೆಡ್‌ಮಾಸ್ಟರು ಮರುಗಿ, ಯಾವ ವಾರ್ಡಿನಲ್ಲಿದ್ದಾರೆ ಎಂದು ವಿಚಾರಿಸಿದರು. ಹೆಂಡತಿ ರಟ್ಟಿನ ಚೂರಿನಿಂದ ಪುಟ್ಟಸ್ವಾಮಿಯನ್ನು ತೂತು ಹಾಕಿದ ಮಿಠಾಯಿ ಡಬ್ಬಿಗೆ ತಳ್ಳಿಕೊಟ್ಟು, "ಇಷ್ಟೇ ಕಣ್ರೀ ನನ್ನ ಕೈಲಾಗೋದು" ಎಂದು ತಲೆಗೆ ನೀರು ಹಾಕಿಕೊಳ್ಳಲು ಹೋದಳು. ನಾನು ಡಬ್ಬಿಯೊಂದಿಗೆ ದನದ ಆಸ್ಪತ್ರೆಗೆ ಹೋದೆ.

ಸಾಲಿನಲ್ಲಿ ನನ್ನ ಮುಂದೆ ಒಂದು ಸೀಮೆಹಸು. ಹಸುವಿನ ಯಜಮಾನ ಡಬ್ಬಿಗೆ ಇಣುಕಿ, ಕಾಲು ನೋಡಿ, ಗಂಭೀರವಾಗಿ ಹೇಳಿದ: "ಇದುಕ್ಕೂ ಮಾಸು ಬಿದ್ದಿಲ್ವಾ ಸಾ? ನಮ್ ಅಸೀಗೂ ಅದೇ ಕಣಿ. ಕರ ಆಕಿ ಎಲ್ಡು ದಿನ ಆಯ್ತು. ಎಳೀಬ್ಯಾಡಿ ಸಾ, ಎಳುದ್ರೆ ಕೆಟ್ಟೋಯ್ತದೆ." ಮಾಸು ಎಂದರೆ ಕರು ಹಾಕಿದ ಮೇಲೆ ಬೀಳಬೇಕಾದ ಗರ್ಭದ ಪೊರೆ.

ಡಾಕ್ಟರೂ ಅದನ್ನೇ ಹೇಳಿದರು. ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ, ಮೆತ್ತಗೆ ಸವರಿ ತೆಗೆಯಬೇಕು, ಎಳೆಯಬಾರದು. ನೀವೇ ಮಾಡಿಕೊಡಿ ಎಂದು ಅಂಗಲಾಚಿದೆ. ಅವರು ಭುಜದವರೆಗೆ ಕೈಗವಸು ಹಾಕಿದ್ದ ತೋಳನ್ನು ಎತ್ತಿ ತೋರಿಸಿ, "ಇದು ಹಸುವಿನ ಅಳತೆ ಕೈ ಸಾರ್" ಎಂದು ನಕ್ಕರು.

ಮನೆಗೆ ಬಂದು ಹತ್ತಿ ಹಿಡಿದುಕೊಂಡು ಅರ್ಧ ಗಂಟೆ ನಿಂತೆ. ಬೆರಳುಗಳ ಬುಡ ಆಗಲೇ ಊದಿತ್ತು. ಕೈ ಮಾತ್ರ ಮುಂದೆ ಹೋಗದು. ಹೆಂಡತಿ ನೋಡುವಷ್ಟು ನೋಡಿ ಹತ್ತಿರದ ಹಳ್ಳಿಮೈಸೂರಿನ ನಿಂಗಜ್ಜಿಗೆ ಫೋನು ಮಾಡಿದಳು. ನಿಂಗಜ್ಜಿ ಹಸುಗೂಸುಗಳಿಗೆ ಎಣ್ಣೆ ನೀರು ಎರೆಯುವವಳು. ಸಿಂಧು ಹುಟ್ಟಿದಾಗ ಮೂರು ತಿಂಗಳು ಎರೆದಿದ್ದಳು. ಹೆಂಡತಿ ಅವಳಿಗೆ ಹೇಳಿದ್ದು, "ಒಂದು ಕೂಸಿದೆ, ಬಾ ಅಜ್ಜಿ" ಎಂದಷ್ಟೇ.

ಅಜ್ಜಿ ಹರಳೆಣ್ಣೆಯ ಸೀಸೆ ಹಿಡಿದು ಮಧ್ಯಾಹ್ನದ ಬಸ್ಸಿಗೆ ಬಂದಿಳಿದಳು. ಡಬ್ಬಿಯ ಮುಚ್ಚಳ ತೆಗೆದು ತೋರಿಸಿದೆವು.

"ಅಯ್ ಶಿವ್ನೇ! ಇದ್ಯಾವ್ ಕೂಸವ್ವಾ, ಬಾಲ ಅದೆ!"

ಬೈದಳು, ನಕ್ಕಳು, ಆಮೇಲೆ ಕಾಲು ನೋಡಿದಳು. "ಪಾಪ, ನೋಯ್ತಾ ಅದೆ" ಎಂದು ಸೀರೆಯನ್ನು ಮೊಣಕಾಲಿಗೆ ಎತ್ತಿ, ಬಚ್ಚಲಲ್ಲಿ ಮಣೆ ಹಾಕಿ, ಕಾಲು ನೀಡಿ ಕೂತಳು. ಕೂಸುಗಳನ್ನು ಮಲಗಿಸಿಕೊಳ್ಳುವ ಜಾಗದಲ್ಲೇ ಪುಟ್ಟಸ್ವಾಮಿಯನ್ನು ಮಲಗಿಸಿಕೊಂಡಳು. ಹಂಡೆಯ ಬಿಸಿನೀರು ಬೇಡವೆಂದು ಒಪ್ಪಿಸಲು ಮಾತ್ರ ನನಗೆ ಸಾಕುಸಾಕಾಯಿತು. ಎಣ್ಣೆಯ ಸೀಸೆಯನ್ನು ಬೇಸರದಿಂದಲೇ ಪಕ್ಕಕ್ಕಿಟ್ಟಳು.

"ನಂಗೆ ಕಣ್ಣು ಮಂಜು ಮೇಷ್ಟ್ರೇ. ನೀವು ನೋಡಿ ಯೋಳಿ, ನಾನು ಸವರ್ತೀನಿ."

ನಾನು ಹೇಳಿದೆ, ಅವಳು ಸವರಿದಳು. ಒದ್ದೆ ಹತ್ತಿಯಿಂದ ಬುಡದಿಂದ ತುದಿಗೆ, ಮತ್ತೆ ಬುಡದಿಂದ ತುದಿಗೆ. ಪುಟ್ಟಸ್ವಾಮಿ ಕಣ್ಣು ಮುಚ್ಚಿ ಬಿದ್ದುಕೊಂಡಿದ್ದ. ಮುಕ್ಕಾಲು ಗಂಟೆಯಲ್ಲಿ ನಾಲ್ಕು ಬೆರಳಿನ ಪೊರೆ ಬಂತು. ಉಳಿದದ್ದು ಕಿರುಬೆರಳು, ಅಕ್ಕಿನುಚ್ಚಿನಷ್ಟು.

"ಇದು ನನ್ ಕೈಗೆ ಸಿಕ್ಕಲ್ಲ, ನನ್ ಬೆಳ್ಳು ದಪ್ಪ. ಬನ್ನಿ, ನೀವೇ ತಗೀರಿ."

"ನನ್ನ ಕೈಲಾಗಲ್ಲ ಅಜ್ಜಿ."

"ಸಿಂಧವ್ವ ಉಟ್ಟಿದಾಗ್ಲೂ ಇಂಗೇ ಅಂದ್ರಿ. ಮೂರು ತಿಂಗ್ಳು ಬಚ್ಚಲ ಬಾಗ್ಲಲ್ಲಿ ಟವಲ್ ಇಡ್ಕಂಡು ನಿಂತಿದ್ರಿ. ಒಂದಿನಾನಾದ್ರೂ ಕೂಸ ಎತ್ಕಂಡ್ರಾ? ಅದೇನ್ ಕಚ್ತಿತ್ತಾ? ಎಲ್ಲಿ ನೋಯ್ಸ್‌ಬುಟ್ಟೇನೋ ಅಂತ ನಿಮ್ಗೆ. ನೋಯ್ಸಲ್ಲ, ಬನ್ನಿ."

ಇದನ್ನು ನನಗೆ ಯಾರೂ ಹೀಗೆ ಹೇಳಿರಲಿಲ್ಲ. ನಾಚಿಕೆಯಾಯಿತು. ಕೂತೆ. ಆ ಕಾಲನ್ನು ಎರಡು ಬೆರಳಲ್ಲಿ ಹಿಡಿದೆ. ಮೆತ್ತಗಿತ್ತು, ತಣ್ಣಗಿತ್ತು. ಅಜ್ಜಿ "ಮೆತ್ತಗೆ, ಮೆತ್ತಗೆ" ಎನ್ನುತ್ತಲೇ ಇದ್ದಳು. ಎಷ್ಟು ಹೊತ್ತಾಯಿತೋ ತಿಳಿಯದು, ಪೊರೆ ಪುಟ್ಟ ಟೊಪ್ಪಿಗೆಯಂತೆ ಕಳಚಿ ಹತ್ತಿಗೆ ಅಂಟಿಕೊಂಡಿತು. ಒಳಗೆ ಗುಲಾಬಿ ಬಣ್ಣದ ಬೆರಳು, ಉಗುರು ಸಮೇತ. ಪುಟ್ಟಸ್ವಾಮಿ ಕಣ್ಣು ಬಿಟ್ಟವನೇ ಆ ಪೊರೆಯನ್ನು ಗಬಕ್ಕನೆ ನುಂಗಿದ. ಅಜ್ಜಿ ಲಟಿಕೆ ಮುರಿದು ದೃಷ್ಟಿ ತೆಗೆದಳು.

ಸಂಜೆ ಪರೀಕ್ಷೆ ಮುಗಿಸಿ ಸಿಂಧು ಫೋನು ಮಾಡಿದಳು. "ಅಪ್ಪಾ, ಬೆರಳು?"

"ಐದೂ ಇವೆ. ನಾರು ಒಣಗಿತ್ತು ಕಣೆ. ನಾನು ಸುಳ್ಳು ಹೇಳಿದ್ದೆ."

"ಗೊತ್ತಾಯ್ತು ಬಿಡು. ತೆಗೆದಿದ್ದು ಯಾರು?"

"ನಾಲ್ಕು ನಿಂಗಜ್ಜಿ. ಒಂದು ನಾನು."

"ಆ ಒಂದರ ಫೋಟೊ ಕಳ್ಸಪ್ಪ."

ಕಳಿಸಿದೆ. ಪೊರೆ ಬಂದ ಕೂಡಲೇ ಬಚ್ಚಲಲ್ಲೇ ಅವಸರಕ್ಕೆ ತೆಗೆದಿದ್ದ ಚಿತ್ರ ಪೂರ್ತಿ ಮಸುಕು, ಬೆರಳು ಯಾವುದು, ಬಚ್ಚಲ ಕಲ್ಲು ಯಾವುದು ಎಂದು ನನಗೇ ಗುರುತು ಸಿಗುವುದಿಲ್ಲ. ಅವಳು ಅದನ್ನೇ ವಾಟ್ಸಪ್ಪಿನಲ್ಲಿ ತನ್ನ ಮುಖದ ಜಾಗಕ್ಕೆ ಹಾಕಿಕೊಂಡಿದ್ದಾಳೆ.