ಕೈಗುಣ ನೋಡುವವರು

ಗಲ್ಫ್‌ನಿಂದ ರಜೆಗೆ ಬಂದಿದ್ದ ಕಾಪುವಿನ ನಮ್ಮ ನೆರೆಮನೆಯವರು ಕೆಲಸದ ಪರ್ಮಿಟ್ ರಿನ್ಯೂ ಆಗದೆ ವಾಪಸು ಹೋಗುವಂತಿರಲಿಲ್ಲ. ಅರ್ಜಿ ಎಲ್ಲಿಗೆ ಬಂತೆಂದು ದಿನಾ ಮೊಬೈಲಿನಲ್ಲಿ ನೋಡಬೇಕು. ಅವರು ತಾವಾಗಿ ನೋಡುತ್ತಿರಲಿಲ್ಲ.

"ನನ್ನ ಕೈಗುಣ ಸರಿ ಇಲ್ಲ ಮಾರಾಯ್ರೇ, ನೀವೊಮ್ಮೆ ಒತ್ತಿ" ಎಂದು ಗೇಟಿಗೆ ಬಂದವರೆದುರು ಫೋನು ಹಿಡಿದು, ತಾವು ತೆಂಗಿನಮರ ನೋಡುತ್ತ ನಿಲ್ಲುತ್ತಿದ್ದರು. ನಾನು ಒತ್ತಿದೆ, ಹಾಲಿನವನು ಒತ್ತಿದ. ಮೀನಿನ ಹೆಂಗಸು ಬೋಣಿಗೆ ಮುಂಚೆ ಕೈ ಒರೆಸಿಕೊಂಡು ಒತ್ತಿದಳು. 'ಪರಿಶೀಲನೆಯಲ್ಲಿದೆ' ಎಂದೇ ಬರುತ್ತಿತ್ತು.

"ಆಗಲಿ, ನಾಳೆ ನೋಡುವ" ಎಂದು ಹೆಂಡತಿಯೊಡನೆ ಮಲ್ಲಿಗೆ ಕಟ್ಟಲು ಕೂರುತ್ತಿದ್ದರು.

ಒಂದು ದಿನ ಅವರು ಸ್ನಾನಕ್ಕೆ ಹೋಗಿದ್ದಾಗ ಹೆಂಡತಿಯೇ ಒತ್ತಿಬಿಟ್ಟರು. ಮಂಜೂರಾಗಿತ್ತು. ಹೆಂಡತಿಯ ಸಂಭ್ರಮದ ಕೂಗು ಕೇಳಿ ನಾನೂ ಹೋದೆ.

ಗಂಡ ತಲೆ ಒರೆಸುತ್ತ ನಿಂತಿದ್ದರು. "ಇವಳ ಕೈಗುಣ ಒಳ್ಳೆಯದು ಅಂತ ನನಗೆ ಮೊದಲೇ ಗೊತ್ತುಂಟು ಮಾರಾಯ್ರೇ. ಹಾಗಾಗಿಯೇ ಇವಳ ಕೈಗೆ ಫೋನು ಕೊಡ್ಲಿಲ್ಲ."